ಓದಿ ಹೇಳಲಾಯಿತು, ಕೇಳಿದೆ, ಸರಿ ಇದೆ

ಹಾನಗಲ್ಲ
ರವಿವಾರ, 7 ಡಿಸೆಂಬರ್ 2025

ಪ್ರೀತಿಯ ತಮ್ಮ ಚನ್ನೇಶನಿಗೆ,

ಆರಾಮ ಇದ್ದೀಯಾ? ಮೊಣಕಾಲು ನೋವು ಈಗ ಹೇಗಿದೆ? ಥಂಡಿ ಶುರುವಾಗಿದೆ. ಅಲ್ಲಿ ಕಲ್ಲು ಹಾಸಿದ ನೆಲ ಎಂದು ಕೇಳಿದ್ದೇನೆ. ಕೊಟ್ಟ ಎರಡು ಕಂಬಳಿಯಲ್ಲಿ ಒಂದನ್ನು ಕೆಳಗೆ ಹಾಸಿಕೋ, ಎರಡನ್ನೂ ಮೇಲೆ ಹೊದ್ದು ಶಾಣ್ಯಾತನ ಮಾಡಬೇಡ. ಊಟ ಸೇರುತ್ತದೆಯೇ? ಅವ್ವ ಆರಾಮ ಇದ್ದಾಳೆ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ಸಕ್ಕರೆ ಕಾಯಿಲೆ ಇದ್ದಲ್ಲೇ ಇದೆ, ಕಾಲು ಬಾವು ಇಳಿದಿದೆ. ಆದರೆ ಮೂರು ವಾರದಿಂದ ಮಾತು ಕಡಿಮೆ ಮಾಡಿದ್ದಾಳೆ. ಸರೋಜವ್ವ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ ಎಂದರೆ ನಮ್ಮ ಓಣಿಯವರು ನಂಬುವುದಿಲ್ಲ, ಬಂದು ಬಾಗಿಲಲ್ಲಿ ಇಣುಕಿ ನೋಡಿ ಹೋಗುತ್ತಾರೆ. ಅದಕ್ಕೆ ಕಾರಣ ನಾನು. ಅದನ್ನೇ ಬರೆಯಲು ಕೂತಿದ್ದೇನೆ.

ಈ ಪತ್ರವನ್ನು ನಿನಗಿಂತ ಮೊದಲು ಅಲ್ಲಿಯ ಜೈಲಿನ ಸಾಹೇಬರು ಒಡೆದು ಓದುತ್ತಾರೆಂದು ಗೊತ್ತು. ಅವರಿಗೂ ನನ್ನ ನಮಸ್ಕಾರ. ಸಾಹೇಬರೇ, ಇದರಲ್ಲಿ ಕಂಪ್ಯೂಟರಿನ ವಿಷಯ ಬಹಳ ಇದೆ, ಬೇಸರ ಬಂದರೂ ನಡುವೆ ಬಿಡಬೇಡಿ, ಕೊನೆಗೆ ನಿಮಗೆ ಸಂಬಂಧಪಟ್ಟದ್ದೂ ಒಂದು ಇದೆ. ನಿಮಗೂ ತಿಳಿಯಲಿ ಎಂದು, ಚನ್ಯಾನಿಗೆ ಗೊತ್ತಿರುವ ಸಂಗತಿಯನ್ನೂ ಮೊದಲಿನಿಂದ ಬರೆಯುತ್ತೇನೆ. ಚನ್ಯಾ, ನೀನು ಹಲ್ಲು ಕಡಿಯಬೇಡ. ಗೊತ್ತಿರುವುದನ್ನು ಮತ್ತೊಮ್ಮೆ ಓದಿದರೆ ಯಾರೂ ಸಾಯುವುದಿಲ್ಲ.

ದೀಪಾವಳಿಗೆ ಬಂದ ನಿನ್ನ ಕಾರ್ಡು ಇನ್ನೂ ದೇವರ ಗೂಡಿನಲ್ಲೇ ಇದೆ. ಮೂರೇ ಸಾಲು. "ಅಪ್ಪ ಕಂಪ್ಯೂಟರಿನ್ಯಾಗ ನನ್ನ ಬಗ್ಗೆ ಏನರೆ ಬರದಿದ್ರ ಕಳಸು. ಬರದಿಲ್ಲ ಅಂದ್ರ ಅದನ್ನರೆ ಹೇಳು. ಶ್ರಾವಣದಾಗ ಬಿಡ್ತಾರ, ಊರಿಗೆ ಬರೂದೋ ಬ್ಯಾಡೋ ಅನ್ನೂದು ಅದರ ಮ್ಯಾಲ." ಅವ್ವನಿಗೆ ಅದನ್ನು ಮೂರು ಸಲ ಓದಿ ಹೇಳಿದೆ. ಮೂರನೇ ಸಲ ಆಕೆ ಕೇಳಿದ್ದು ಒಂದೇ ಮಾತು, "ಬರೂದಿಲ್ಲಂತೇನ?" ಒಂದು ವರ್ಷದಲ್ಲಿ ನಾಲ್ಕು ಸಲ ನಾನು ಭೇಟಿಗೆ ಬಂದಾಗ ನೀನು ಒಳಗಿನಿಂದಲೇ ಬೇಡ ಎಂದು ಹೇಳಿ ಕಳಿಸಿದೆ. ಅಪ್ಪನ ಮಣ್ಣಿಗೆ ಬರಲು ಅವರು ಪರವಾನಗಿ ಕೊಟ್ಟರೂ ನೀನು ಬರಲಿಲ್ಲ. ಹಾಗಿದ್ದವನು ತಾನಾಗಿ ಒಂದು ಕಾರ್ಡು ಹಾಕಿದ್ದೀಯ. ಅದಕ್ಕೆ ಉತ್ತರ ಬರೆಯಲು ನನ್ನ ಹತ್ತಿರ ಮುಖ ಇರಲಿಲ್ಲ.

ಅಪ್ಪನ ಕೆಲಸ ನಿನಗೆ ಗೊತ್ತು. ನಲವತ್ತು ವರ್ಷ ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು, ಕೊನೆಯ ವರ್ಷಗಳಲ್ಲಿ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಜನರ ಅರ್ಜಿ ಟೈಪ್ ಮಾಡಿದ. ಅಜ್ಜಪ್ಪ ಎಂದರೆ ಹಾನಗಲ್ಲಿನ ಸುತ್ತ ಹತ್ತೂರಿಗೆ ಗೊತ್ತಿದ್ದದ್ದು ಎರಡು ಕಾರಣಕ್ಕೆ. ಒಂದು, ಹೇಳಿದವರು ಹೇಳಿದ್ದನ್ನು ಬಿಟ್ಟು ತನ್ನದೊಂದು ಅಕ್ಷರ ಸೇರಿಸುತ್ತಿರಲಿಲ್ಲ. ಎರಡು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳದೆ ಯಾರ ಕೈಯಿಂದಲೂ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಿಸುತ್ತಿರಲಿಲ್ಲ. ತಹಶೀಲ್ದಾರರೇ ಬಂದು ಕೂತರೂ ಓದಿಯೇ ಸಹಿ. ಪ್ರತಿ ಕಾಗದದ ಕೊನೆಗೆ ಆ ಸಾಲು ಇದ್ದೇ ಇರುತ್ತಿತ್ತು: ಓದಿ ಹೇಳಲಾಯಿತು, ಕೇಳಿದೆ, ಸರಿ ಇದೆ. ಚಿಕ್ಕವರಿದ್ದಾಗ ನಾವಿಬ್ಬರೂ ಊಟದ ತಾಟಿನ ಮುಂದೆ ಕೂತು ಅದನ್ನೇ ಮಂತ್ರದ ಹಾಗೆ ಹೇಳಿ ಬೈಸಿಕೊಳ್ಳುತ್ತಿದ್ದೆವು.

ಆ ಅಪ್ಪ ತನ್ನ ಪದ್ಧತಿಯನ್ನು ಒಂದೇ ಸಲ ಮುರಿದ. ಎರಡೂ ಮುಕ್ಕಾಲು ವರ್ಷದ ಹಿಂದೆ, ಯುಗಾದಿಗೆ ನಾಲ್ಕು ದಿನ ಮೊದಲು, ನೀನು ಕುಡಿದು ಗೂಡ್ಸ್ ಗಾಡಿ ಓಡಿಸಿಕೊಂಡು ಆಡೂರಿನ ದಾರಿಯಿಂದ ಬಂದೆ. ಕೀಲಿ ನನ್ನ ಕೈಗೆ ಕೊಟ್ಟು, "ಏನೋ ಬಡೀತು ಅಕ್ಕಾ" ಎಂದು ಹೇಳಿ ಹೋಗಿ ಮಲಗಿದೆ. ಬಡಿದದ್ದು ಸೈಕಲ್ ಮೇಲೆ ಬಟ್ಟೆ ಗಂಟು ಕಟ್ಟಿಕೊಂಡು ಊರೂರು ಮಾರುತ್ತಿದ್ದ ಅಲ್ಲಾಭಕ್ಷನಿಗೆ, ಅವನು ದಾರಿಯಲ್ಲೇ ತೀರಿಹೋದ. ಬೆಳಿಗ್ಗೆ ಅವನ ಹೆಂಡತಿ ಲಾಲಬಿ ನಮ್ಮ ಪಡಸಾಲೆಗೇ ಬಂದಳು, ಆಕೆಯ ಮನೆಯ ಕಾಗದವೆಲ್ಲ ಅಪ್ಪನೇ ಬರೆಯುತ್ತಿದ್ದನಲ್ಲ. "ಯಾವುದೋ ಗಾಡಿ ಅಂತ ಬರೀರಿ ಅಜ್ಜಪ್ಪಣ್ಣಾ, ನನಗೇನು ಗೊತ್ತಿಲ್ರಿ" ಎಂದಳು. ಅಪ್ಪ ಎದ್ದು ಅಂಗಳಕ್ಕೆ ಹೋದ, ಒಡೆದ ದೀಪ ನೋಡಿದ, ಬಂದು ಕೂತು ಗಾಡಿಯ ನಂಬರನ್ನೂ ನಿನ್ನ ಹೆಸರನ್ನೂ ಟೈಪ್ ಮಾಡಿದ. ಆಮೇಲೆ ಓದಿ ಹೇಳಿದ. ನಿನ್ನ ಹೆಸರು ಬಂದಾಗ ಲಾಲಬಿ ತಲೆ ಎತ್ತಿ ಅಪ್ಪನ ಮುಖ ನೋಡಿದಳು, ಹೆಬ್ಬೆಟ್ಟು ಒತ್ತಿದಳು. ನೀನು ಒಳಗೆ ಮಲಗಿಯೇ ಇದ್ದೆ. ಪೊಲೀಸರು ಬಂದು ಎಬ್ಬಿಸಿದರು. "ಆಕಿ ಹೇಳಲಾರದ್ದನ್ನ ನಮ್ಮಪ್ಪ ಬರದ" ಎಂದು ನೀನು ಜೀಪಿನಲ್ಲಿ ಕೂತು ಕೂಗಿದ್ದು ಓಣಿಗೆಲ್ಲ ಕೇಳಿಸಿತ್ತು. ಜಾಮೀನು ಸಿಕ್ಕ ಮೇಲೂ ನೀನು ಮನೆಗೆ ಬರಲಿಲ್ಲ, ಹಿರೇಕೆರೂರಿನಲ್ಲಿ ಗೆಳೆಯನ ಕೋಣೆಯಲ್ಲಿ ಉಳಿದೆ, ಶಿಕ್ಷೆಯಾದಾಗ ಅಲ್ಲಿಂದಲೇ ಹೋದೆ.

ಮುಂದಿನ ವರ್ಷ ಅಪ್ಪನ ಗಂಟಲಿಗೆ ಆ ರೋಗ ಬಂತು. ಹುಬ್ಬಳ್ಳಿಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು, ಕೀಲಿ ಒತ್ತುವಾಗ ಮಾತ್ರ ನಡುಗುತ್ತಿರಲಿಲ್ಲ, ಅದೇನು ಮಾಯವೋ. ಹೀಗಾಗಿ ಅಪ್ಪ ಮಾತನ್ನೆಲ್ಲ ಕಂಪ್ಯೂಟರಿನಲ್ಲೇ ಆಡುತ್ತಿದ್ದ. ಮೇಜಿನ ಮೇಲೆ ಪೂಜೆಯ ಗಂಟೆ ಇಟ್ಟುಕೊಂಡಿದ್ದ. ಟೈಪ್ ಮಾಡಿ ಗಂಟೆ ಬಾರಿಸಿದರೆ ನಾನು ಹೋಗಿ ಗಟ್ಟಿಯಾಗಿ ಓದಬೇಕು, ಅವ್ವ ಅಡುಗೆ ಮನೆಯಿಂದ ಉತ್ತರ ಕೊಡಬೇಕು. "ಸಾರಿಗೆ ಉಪ್ಪು ಹಾಕಿದವರು ಯಾರು ಎಂಬುದನ್ನು ತನಿಖೆ ಮಾಡತಕ್ಕದ್ದು." "ಫ್ಯಾನು ಬಂದ್ ಮಾಡುವುದು." "ಶೈಲಾ ಇವಳು ಓದುವಾಗ ಅಲ್ಪವಿರಾಮಕ್ಕೆ ನಿಲ್ಲುತ್ತಿಲ್ಲ." ಮಾತು ಹೋದರೂ ಭಾಷೆ ಕಚೇರಿಯದೇ. ದಿನಕ್ಕೊಂದು ಫೈಲು, ಎಲ್ಲವೂ ಒಂದೇ ಕಡೆ, ಅದಕ್ಕೆ "ಮಾತು" ಎಂದು ಹೆಸರಿಟ್ಟಿದ್ದ. ಹನ್ನೊಂದು ತಿಂಗಳು, ಮುನ್ನೂರ ಹನ್ನೆರಡು ಫೈಲು. ಅಪ್ಪ ಹೋದ ಮೇಲೆ ಆ ಗಂಟನ್ನು ನಾನು ತೆರೆಯಲಿಲ್ಲ. ಅವ್ವ ಕೇಳಿದಾಗಲೆಲ್ಲ, "ವರ್ಷದ ತಿಥಿ ದಿನ ಎಲ್ಲಾ ಓದಿ ಹೇಳ್ತೇನಿ ತಡಿ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ ಇತ್ತು.

ಈಗ ಕಂಪ್ಯೂಟರಿನ ಕಥೆ. ನೀನು ಹನ್ನೊಂದು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದೇ ಈಗಲೂ ಇದೆ. ತಡಸದ ಗಂಡನ ಮನೆ ಬಿಟ್ಟು ಬಂದವಳಿಗೆ ಈಗ ಅದೇ ಅನ್ನ ಹಾಕುವುದು, ಅಪ್ಪನ ಗಿರಾಕಿಗಳು ನನ್ನ ಹತ್ತಿರವೇ ಬರುತ್ತಾರೆ. ಸೆಪ್ಟೆಂಬರಿನಲ್ಲಿ ಅದು ಮುಷ್ಕರ ಹೂಡಿತು. ಒತ್ತಿದರೆ ಹತ್ತು ನಿಮಿಷ ಗಿರಗಿರ ಎನ್ನುತ್ತಿತ್ತು. ಜೊತೆಗೆ ಪರದೆಯ ಮೇಲೆ ದಿನಾ ಒಂದು ನೋಟಿಸು: ಅಕ್ಟೋಬರ್ ಹದಿನಾಲ್ಕರ ನಂತರ ಈ ವಿಂಡೋಸಿಗೆ ನಮ್ಮ ರಕ್ಷಣೆ ಇರುವುದಿಲ್ಲ ಎಂದು. ಸವಣೂರಿನ ಅಕೀಬನಿಗೆ ಫೋನು ಮಾಡಿದೆ. ಸಾಹೇಬರೇ, ಅಕೀಬ ಎಂದರೆ ಕಂಪ್ಯೂಟರ್ ರಿಪೇರಿ ಮಾಡುವವನು, ಅಪ್ಪನ ಕಾಲದಿಂದ ನಮ್ಮ ಮನೆಗೆ ಬರುತ್ತಾನೆ. "ಹೊಸ ವಿಂಡೋಸು ಈ ಮಷೀನಿನ ಮ್ಯಾಲ ಕುಂದ್ರೂದಿಲ್ರಿ ಅಕ್ಕಾ. ಒಂದೋ ಹೊಸಾದು ತಗೋರಿ, ಇಲ್ಲಾ ಲಿನಕ್ಸ್ ಹಾಕೋರಿ. ಪುಕ್ಕಟೆ ಐತಿ" ಎಂದ. ಪುಕ್ಕಟೆ ಎಂದರೆ ನನಗೆ ಮೊದಲು ಸಂಶಯ ಬರುತ್ತದೆ. ಯಾರದು, ಯಾಕೆ ಕೊಡುತ್ತಾರೆ ಎಂದು ಕೇಳಿದೆ. "ಯಾರೊಬ್ಬರ ಸ್ವತ್ತೂ ಅಲ್ರಿ. ಹೆಂಗ ಮಾಡೀವಿ ಅನ್ನೂದನ್ನ ಮಾಡಿದವರು ತೆರದ ಇಟ್ಟಾರ, ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು" ಎಂದ. ಹಾಗಾದರೆ ಓದಿ ಹೇಳಿ ಸಹಿ ಮಾಡಿಸಿದ ಕಾಗದ ಇದ್ದ ಹಾಗೆ ಎಂದು ನನಗೆ ತಿಳಿಯಿತು, ಒಪ್ಪಿದೆ.

ಆದರೆ ಲಿನಕ್ಸ್ ಒಂದಲ್ಲವಂತೆ, ನೂರಾರು ಇವೆಯಂತೆ. ಅಕೀಬ ಹೊಸಬರಿಗೆ ಒಗ್ಗುವಂಥ ಮೂರನ್ನು ಮೂರು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ. ಸಿಕ್ಕಿಸಿ ಚಾಲೂ ಮಾಡಿದರೆ ಸಾಕು, ಒಳಗಿನ ಹಳೆಯದನ್ನು ಮುಟ್ಟದೆ ಹೊಸದನ್ನು ಬಳಸಿ ನೋಡಬಹುದು. ಮನೆಗೆ ಸೊಸೆ ತರುವವರ ಹಾಗೆ ಒಂದೊಂದನ್ನು ಮೂರು ಮೂರು ದಿನ ಪರೀಕ್ಷೆ ಮಾಡಿದೆ. ಮೊದಲು ಉಬುಂಟು. ಒಳ್ಳೆಯದೇ ಇರಬೇಕು, ಆದರೆ ಗುಂಡಿಗಳೆಲ್ಲ ಎಡಗಡೆ ಅಂಚಿನಲ್ಲಿ, ನನ್ನ ಕೈ ಕೆಳಗೇ ಹೋಗುತ್ತಿತ್ತು. ಮೇಲಾಗಿ ನಮ್ಮ ಮಷೀನಿನ ನಾಲ್ಕು ಜಿಬಿ ಮೆಮೊರಿಗೆ ಅದು ಭಾರವಾಗಿ, ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿತು. ಎರಡನೆಯದು ಜೋರಿನ್. ನೋಡಲು ಬಹಳ ಚೆಂದ, ಅವ್ವ ಕೂಡ ಹೊಗಳಿದಳು, ಆದರೆ ಕಾಗದ ತೆರೆಯುವುದರೊಳಗೆ ಗಿರಾಕಿ ಚಹಾ ಕುಡಿದು ಬರುತ್ತಿದ್ದ. ಮೂರನೆಯದು ಮಿಂಟ್, ಅದರಲ್ಲೂ ಹಳೆ ಮಷೀನಿಗೆ ಹಗುರಾಗಲಿ ಎಂದು ಮಾಡಿದ್ದು. ಮೆನು ಕೆಳಗೆ ಎಡ ಮೂಲೆಯಲ್ಲಿ, ಇದ್ದ ಹಾಗೆಯೇ. ಪ್ರಿಂಟರನ್ನು ಹೇಳದೆ ಕೇಳದೆ ತಾನೇ ಗುರುತು ಹಿಡಿಯಿತು. ಕನ್ನಡ ಕೀಲಿಮಣೆ ಸೇರಿಸಿ "ಹಾನಗಲ್ಲ" ಎಂದು ಟೈಪ್ ಮಾಡಿದೆ, ಮುತ್ತು ಪೋಣಿಸಿದ ಹಾಗೆ ಬಂತು. "ಇದು ಛಲೋ ಐತಿ. ನಿಮ್ಮಪ್ಪಗೂ ಸೇರ್ತಿತ್ತು" ಎಂದಳು ಅವ್ವ. ನನಗೆ ಅಷ್ಟು ಸಾಕಾಯಿತು.

ಹಾಕುವ ದಿನ ಅಕೀಬ ಫೋನಿನಲ್ಲೇ ಹೇಳಿಕೊಟ್ಟ. ಹಳೆಯದನ್ನು ಪಕ್ಕದಲ್ಲೇ ಇಟ್ಟುಕೊಂಡು ಹೊಸದನ್ನು ಹಾಕುವ ದಾರಿಯೂ ಇತ್ತು, ಆದರೆ ಡಿಸ್ಕು ಚಿಕ್ಕದು, ಎರಡಕ್ಕೂ ಜಾಗ ಸಾಲದು ಎಂದ. ಬೇಕಾದದ್ದನ್ನೆಲ್ಲ ಹೊರಗೆ ತೆಗೆದುಕೊಂಡಿರೇನು ಎಂದು ಎರಡು ಸಲ ಕೇಳಿದ. ತೆಗೆದುಕೊಂಡಿದ್ದೆ. "ಮಾತು" ಪೂರ್ತಿ ಒಂದು ಪೆನ್‌ಡ್ರೈವಿಗೆ ಹಾಕಿ, ಇಲ್ಲಿ ಮುನ್ನೂರ ಹನ್ನೆರಡು, ಅಲ್ಲಿ ಮುನ್ನೂರ ಹನ್ನೆರಡು ಎಂದು ಎಣಿಸಿದ್ದೆ. ಎಣಿಸಿದೆನೇ ಹೊರತು ಒಂದನ್ನೂ ತೆರೆದು ನೋಡಲಿಲ್ಲ. ಹೊಸದರಲ್ಲಿ ಒಂದೇ ಒಂದನ್ನು ತೆರೆದು ನೋಡಿದ್ದರೆ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಪರದೆ ಕೇಳಿತು. ಹೂಂ ಎಂದು ಒತ್ತಿದೆ.

ಹತ್ತು ದಿನ ಸುಖವಾಗಿದ್ದೆ. ಆಮೇಲೆ ನಿನ್ನ ಕಾರ್ಡು ಬಂತು. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಧೈರ್ಯ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿ ಅಪ್ಪನ ಕೊನೆಯ ಫೈಲನ್ನೇ ಮೊದಲು ತೆರೆದೆ. ಕನ್ನಡ ಇರಲಿಲ್ಲ. ಇಂಗ್ಲಿಷಿನ ಅಕ್ಷರ, ಕೆಲವಕ್ಕೆ ತಲೆಯ ಮೇಲೆ ಗೀಟು, ಕೆಲವಕ್ಕೆ ಟೋಪಿ, ನಡುನಡುವೆ ಇಂಗ್ಲೆಂಡಿನ ಹಣದ ಗುರುತು, ಕೂಡಿಸು ಕಳೆ ಚಿಹ್ನೆ. ಮತ್ತೊಂದು ತೆರೆದೆ, ಹಾಗೆಯೇ. ಮುನ್ನೂರ ಹನ್ನೆರಡೂ ಹಾಗೆಯೇ. ನಾನು ಹೊಸದಾಗಿ ಟೈಪ್ ಮಾಡಿದ ಅರ್ಜಿಗಳೆಲ್ಲ ಅಚ್ಚುಕಟ್ಟಾದ ಕನ್ನಡದಲ್ಲೇ ಇದ್ದವು, ಅದಕ್ಕೇ ನನಗೆ ಬೇರೆ ಸಂಶಯ ಬರಲಿಲ್ಲ. ಕಂಪ್ಯೂಟರಿಗೆ ಕನ್ನಡ ಬರುತ್ತದೆ, ಅಪ್ಪನ ಫೈಲುಗಳು ಮಾತ್ರ ಕೆಟ್ಟಿವೆ, ಹಳೆಯದರಲ್ಲಿ ವೈರಸ್ ಇದ್ದಿರಬೇಕು ಎಂದುಕೊಂಡೆ. "ಓದು" ಎಂದಳು ಅವ್ವ. ನಾನು ಓದಲಿಲ್ಲ. ಆಕೆಗೆ ಅಕ್ಷರ ಬರದಿದ್ದರೂ ಕನ್ನಡದ ಗುಂಡು ಮುಖ ಗೊತ್ತು. ಬಹಳ ಹೊತ್ತು ಪರದೆ ನೋಡಿ, "ಇದೇನು, ಸತ್ತ ಮ್ಯಾಲ ನಿಮ್ಮಪ್ಪ ಹಿಂಗ ಮಾತಾಡಾಕತ್ತಾನೇನು? ಬಂದ್ ಮಾಡು" ಎಂದಳು. ಆಮೇಲೆ ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಆ ಕೊನೆಯ ಫೈಲಿನ ಒಂದು ಪುಟವನ್ನು ಇದ್ದಂತೆಯೇ ಪ್ರಿಂಟು ತೆಗೆದು, ಬಂಕಾಪುರದಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆ. ಅಕೀಬನ ಅಂಗಡಿಗೆ ಬೀಗ. ತಂಗಿ ಸುಹಾನಾಳ ನಿಕಾ, ಹುಲಗೂರಿಗೆ ಹೋಗಿದ್ದಾನೆ, ಎಂಟು ದಿನ ಬರುವುದಿಲ್ಲ, ಫೋನೂ ಎತ್ತುವುದಿಲ್ಲ ಎಂದರು ಪಕ್ಕದವರು. ನನ್ನ ಸಿಟ್ಟು ನಿನಗೆ ಗೊತ್ತಿದೆ. ದಾರಿಯುದ್ದಕ್ಕೂ ಅಕೀಬನನ್ನು ಬೈದೆ, ಪುಕ್ಕಟೆಯನ್ನು ಬೈದೆ, ನಿನ್ನನ್ನು ಬೈದೆ, ಅಪ್ಪನನ್ನೂ ಬೈದೆ. ಮನೆಗೆ ಬಂದರೆ ಪಡಸಾಲೆಯಲ್ಲಿ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಈ ವೈರಸ್ ಅವರ ಕಾಗದಕ್ಕೂ ಹತ್ತಿದರೆ ಬಾಯಿಗೆ ಬರುವ ರೊಟ್ಟಿಯೂ ಹೋಗುತ್ತದೆ ಎಂಬ ಹೆದರಿಕೆ, ಅವ್ವ ಮತ್ತೆ ಅದನ್ನು ನೋಡಬಾರದು ಎಂಬ ಹಟ, ಎರಡೂ ಸೇರಿ ಆ ಪೆನ್‌ಡ್ರೈವಿನಲ್ಲಿದ್ದ "ಮಾತು" ಪೂರ್ತಿ ಅಳಿಸಿಬಿಟ್ಟೆ. ಯಾರೂ ಹೇಳಿರಲಿಲ್ಲ, ನನ್ನದೇ ಕೈ. ಅದೇ ಪೆನ್‌ಡ್ರೈವಿನಲ್ಲಿ ಮೂರು ವಾರ ಗಿರಾಕಿಗಳ ಫೈಲು ತುಂಬಿದೆ.

ಅಕೀಬ ತಾನಾಗಿಯೇ ಬಂದ, ಮದುವೆಯ ಮಿಠಾಯಿ ಹಿಡಿದುಕೊಂಡು. ನಾನು ಚೀಲದಲ್ಲಿ ಮಡಚಿಟ್ಟಿದ್ದ ಆ ಪುಟವನ್ನು ಅವನ ಮುಂದೆ ಒಗೆದೆ. ಅವನು ನೋಡಿ ನಕ್ಕ. "ಅಕ್ಕಾ, ಇದು ಕೆಟ್ಟಿಲ್ರಿ. ಅಜ್ಜಪ್ಪಣ್ಣಾರು ಟೈಪ್ ಮಾಡ್ತಿದ್ದದ್ದು ಹಳೇ ಫಾಂಟಿನ್ಯಾಗ. ಅದರಾಗ ಒಳಗ ಇರೂದು ಇಂಗ್ಲಿಷ್ ಅಕ್ಷರನ ರೀ, ಮ್ಯಾಲ ಕನ್ನಡದ ಅಂಗಿ ತೊಡಿಸಿರ್ತದ. ಹೊಸಾದರಾಗ ಆ ಅಂಗಿ ಇಲ್ಲ, ಅಷ್ಟ. ಅದನ್ನ ಹಾಕಿದ್ರ ಎಲ್ಲಾ ವಾಪಸ್ ಬರ್ತದ, ಐದು ನಿಮಿಷದ ಕೆಲಸ. ಫೈಲ್ ಕೊಡ್ರಿ." ಅಳಿಸಿಬಿಟ್ಟೆ ಎಂದೆ. ನನ್ನ ಮುಖ ನೋಡಿ ಅವನ ನಗು ನಿಂತಿತು. ಹಳೆಯ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದ ಕೂಡಲೇ ಕನ್ನಡ ಬರುತ್ತಿತ್ತು, ಅದು ಯಾವ ಅಂಗಿ ತೊಟ್ಟು ಬರುತ್ತದೆ ಎಂದು ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪೆನ್‌ಡ್ರೈವನ್ನೂ ಡಿಸ್ಕನ್ನೂ ಸವಣೂರಿಗೆ ಒಯ್ದು ಅಕೀಬ ಎರಡು ದಿನ ಹುಡುಕಿದ. ಸಿಕ್ಕದ್ದು ಗಿರಾಕಿಗಳ ಜಾತಿ ಪ್ರಮಾಣ ಪತ್ರದ ಅರ್ಜಿಗಳು. ಅಪ್ಪನ ಒಂದು ಸಾಲೂ ಸಿಗಲಿಲ್ಲ. ಅವ್ವನಿಗೆ ನಾನೇ ಹೇಳಿದೆ. ಆಕೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಎರಡು ಸಲ ಹೂತಂಗ ಆತು" ಎಂದಳು. ಅವತ್ತಿನಿಂದ ಹೀಗೇ ಇದ್ದಾಳೆ.

ಉಳಿದದ್ದು ಆ ಒಂದು ಪುಟ. ಫೈಲಾಗಿದ್ದರೆ ಕಂಪ್ಯೂಟರೇ ಓದುತ್ತಿತ್ತು, ಕಾಗದ ಆದ್ದರಿಂದ ಕೈಯಿಂದಲೇ ಬಿಡಿಸಬೇಕು. ಯಾವ ಗುರುತು ಯಾವ ಅಕ್ಷರ ಎಂಬ ಪಟ್ಟಿಯನ್ನು ಅಕೀಬ ಕಳಿಸಿದ. ಪೆನ್ಸಿಲ್ ಹಿಡಿದು ನಾಲ್ಕು ಮಧ್ಯಾಹ್ನ ಕೂತೆ. ಇಂಗ್ಲಿಷಿನ ಪಿ, ಅದರ ಮುಂದೆ ಗೀಟು ಹೊತ್ತ ಎ, ಎರಡೂ ಸೇರಿದರೆ ನಮ್ಮ ಕ. ಮೊದಲ ದಿನ ಮೂರು ಸಾಲು ದಾಟಲಿಲ್ಲ. ಎರಡನೇ ದಿನ ಒಂದು ಕಡೆ ಝಡ್ ಬಂತು, ಅದರ ಹಿಂದೆಯೇ ಇಂಗ್ಲೆಂಡಿನ ಹಣದ ಗುರುತು. ಬಿಡಿಸಿದರೆ ನಿನ್ನ ಹೆಸರು. ಕಣ್ಣು ಆ ಗುರುತಿಗೆ ಹೊಂದಿಕೊಂಡ ಮೇಲೆ ಪುಟವಿಡೀ ಹುಡುಕಿದೆ, ಇನ್ನೂ ಮೂರು ಕಡೆ ಇತ್ತು. ಆಗ ಅತ್ತೆ. ಅಪ್ಪ ಸತ್ತಾಗ ಅಷ್ಟು ಅತ್ತಿರಲಿಲ್ಲ.

ಅದು ಅರ್ಜಿ, ಚನ್ಯಾ. ಅಪ್ಪನಿಗೆ ಬೇರೆ ಏನು ಬರೆಯಲು ಬರುತ್ತಿತ್ತು? ಮಾನ್ಯ ಕಾರಾಗೃಹ ಅಧೀಕ್ಷಕರಿಗೆ, ಅಜ್ಜಪ್ಪ, ವಯಸ್ಸು ಅರವತ್ತಾರು, ಉದ್ಯೋಗ ಅರ್ಜಿ ಟೈಪಿಂಗ್, ಸಾಕಿನ್ ಹಾನಗಲ್ಲ ಇವರು ಬರೆದುಕೊಂಡ ಅರ್ಜಿ. ವಿಷಯ: ಮಗನ ಭೇಟಿಯ ಕಾಲಕ್ಕೆ ಮಗಳನ್ನು ಜೊತೆಗೆ ಬಿಡುವ ಕುರಿತು. ಮುಂದಿನದನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ನನಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಮಾತು ಬರುವುದಿಲ್ಲ. ಜಾಲರಿಯ ಈಚೆ ನಾನು ಸುಮ್ಮನೆ ನಿಂತರೆ ಸದರಿ ಚನ್ನೇಶನು ಅಪ್ಪನಿಗೆ ಇನ್ನೂ ಸಿಟ್ಟಿದೆ ಎಂದೇ ತಿಳಿಯುತ್ತಾನೆ. ಚಿಕ್ಕಂದಿನಲ್ಲಿಯೂ ನಾನು ಮಾತಾಡದಿದ್ದರೆ ಅವನು ಊಟ ಬಿಡುತ್ತಿದ್ದನು. ಕಾರಣ ನಾನು ಬರೆದು ತಂದದ್ದನ್ನು ಓದಿ ಹೇಳಲು ಮಗಳು ಶೈಲಾ ಇವಳನ್ನು ಬಿಡಬೇಕು. ಹೇಳಬೇಕಾದದ್ದು ಹೆಚ್ಚಿಲ್ಲ. ಅರ್ಜಿಯಲ್ಲಿ ಚನ್ನೇಶನ ಹೆಸರು ಬರೆದದ್ದು ತಪ್ಪಲ್ಲ, ಈಗಲೂ ಬರೆಯುತ್ತೇನೆ. ಆದರೆ ಬರೆಯುವ ಮೊದಲು ಒಳಗೆ ಹೋಗಿ ಅವನನ್ನು ಎಬ್ಬಿಸಿ, ನೀನೇ ಹೋಗಿ ಹೇಳು ಎಂದು ಒಂದು ಮಾತು ಹೇಳಲಿಲ್ಲ. ಆಗ ನನಗೆ ಮಾತು ಇತ್ತು. ಹೇಳಿದ್ದರೆ ಚನ್ನೇಶನು ತಾನಾಗಿಯೇ ಹೋಗುತ್ತಿದ್ದನು. ಆ ಅವಕಾಶ ಕೊಡದಿದ್ದುದು ನನ್ನ ತಪ್ಪು. ಚನ್ನೇಶನ ಮುಂದೆ ಇದನ್ನು ಒಪ್ಪಿಕೊಳ್ಳಲು ಅವಕಾಶ ಕೊಡಬೇಕೆಂದು ವಿನಂತಿ." ಇಷ್ಟೇ. ಸಾಹೇಬರೇ, ನಿಮಗೆ ಸಂಬಂಧಪಟ್ಟದ್ದು ಇದೆ ಎಂದೆನಲ್ಲ, ಇದೇ. ನಿಮ್ಮ ಕಚೇರಿಗೆ ಬರೆದ ಅರ್ಜಿ, ಹತ್ತು ತಿಂಗಳು ತಡವಾಗಿ ಮುಟ್ಟುತ್ತಿದೆ.

ಕ್ಷಮೆ, ಮರೆಯುವುದು, ಅಂಥದ್ದನ್ನೆಲ್ಲ ನಾನು ಬರೆಯುವುದಿಲ್ಲ. ಹೋದ ವಾರ ಲಾಲಬಿ ಪಿಂಚಣಿಯ ಅರ್ಜಿ ಮಾಡಿಸಲು ಬಂದಿದ್ದಳು. ಓದಿ ಹೇಳಿದೆ, ಹೆಬ್ಬೆಟ್ಟು ಒತ್ತಿದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಚನ್ನೇಶ ಯಾವಾಗ ಬರ್ತಾನ?" ಎಂದು ಕೇಳಿದಳು. ಶ್ರಾವಣದಲ್ಲಿ ಎಂದೆ. "ಬರ್ಲಿ. ನಿಮ್ಮವ್ವಗ ಬೇಕು. ಆಡೂರಿನ ದಾರೀಲಿ ಮಾತ್ರ ಬರಬ್ಯಾಡ ಅನ್ನು" ಎಂದಳು. ಆಗಲಿ ಎಂದೆ.

ಔಷಧ ಬಿಡಬೇಡ. ಯಾರ ಜೊತೆಗೂ ಜಗಳ ತೆಗೆಯಬೇಡ. ಅವ್ವ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದಾಳೆ ಎಂದು ತಿಳಿ. ಸಾಹೇಬರಿಗೆ ಮತ್ತೊಮ್ಮೆ ನಮಸ್ಕಾರ.

ನಿನ್ನ ಅಕ್ಕ,
ಶೈಲಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಅರ್ಜಿಯ ತಾರೀಖು ಫೆಬ್ರುವರಿ ಹನ್ನೊಂದು. ಮರುದಿನ ಭಾರತ ಹುಣ್ಣಿಮೆ, ನಾನು ಹೋಳಿಗೆಯ ಬೇಳೆ ಕುದಿಯಲು ಇಟ್ಟಿದ್ದೆ. ಅಪ್ಪ ಗಂಟೆ ಬಾರಿಸಿದ. ಮೂರು ಸಲ ಬಾರಿಸಿದ. "ನಾಳೆ ಓದ್ತೇನಿ ತಡಿಯಪ್ಪಾ, ಕೈ ಬಿಡುವಿಲ್ಲ" ಎಂದು ಒಳಗಿನಿಂದಲೇ ಒದರಿದೆ. ಮತ್ತೆ ಬಾರಿಸಲಿಲ್ಲ. ಓದಿ ಹೇಳದ ಕಾಗದವನ್ನು ಕಳಿಸುವ ಪದ್ಧತಿ ಅಪ್ಪನದಲ್ಲ, ಅದಕ್ಕೇ ಅದು ಅಲ್ಲೇ ಉಳಿಯಿತು. ಹುಣ್ಣಿಮೆಯ ಬೆಳಿಗ್ಗೆ ಗಂಟಲಿನಿಂದ ರಕ್ತ ಬಂತು, ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಅಪ್ಪ ನಿನ್ನನ್ನು ನೋಡಲು ಬಾರದಿದ್ದುದು ಸಿಟ್ಟಿನಿಂದ ಅಲ್ಲ ಚನ್ಯಾ, ನನ್ನಿಂದ. ಇದನ್ನು ಅವ್ವನಿಗೂ ಇನ್ನೂ ಹೇಳಿಲ್ಲ.

ಹದಿನೆಂಟನೇ ತಾರೀಖು, ಗುರುವಾರ, ಆ ಕಾಗದ ತೆಗೆದುಕೊಂಡು ಬರುತ್ತೇನೆ. ನೀನು ಇಲ್ಲಿ ಮನಸ್ಸಿನಲ್ಲೇ ಓದಿಕೊಂಡದ್ದು ಲೆಕ್ಕಕ್ಕಿಲ್ಲ. ಜಾಲರಿಯ ಹತ್ತಿರ ಬಾ, ಗಟ್ಟಿಯಾಗಿ ಓದುತ್ತೇನೆ, ಅಲ್ಪವಿರಾಮಕ್ಕೂ ನಿಲ್ಲುತ್ತೇನೆ. ಕೊನೆಗೆ ಆ ಸಾಲು ಇದೆ, ಕೆಳಗೆ ಸಹಿಯ ಜಾಗ ಖಾಲಿ ಇದೆ. ಓದಿ ಹೇಳುವುದು ನನ್ನ ಕೆಲಸ, ತಡವಾಗಿಯಾದರೂ ಮಾಡುತ್ತೇನೆ. ಕೇಳುವುದು ನಿನ್ನದು. ಸರಿ ಇದೆಯೋ ಇಲ್ಲವೋ, ಅದನ್ನೂ ನೀನೇ ಹೇಳಬೇಕು.